ಹಸಿರು ವಾಂತಿ ಮಾಡುವ ಹಸುಗೂಸು: ಕರುಳಿನ ಜನ್ಮಜಾತ ದೋಷ ಪತ್ತೆಗೆ ಎಕ್ಸ್-ರೇ

ಬೆಂಗಳೂರು: ಹುಟ್ಟಿದ ಮಗು ಅತ್ತಿತೆ, ಮೈಬಣ್ಣ ಸರಿಯಾಗಿದೆಯೆ, ತೂಕವೆಷ್ಟು ಎಂದು ಮನೆಮಂದಿಯೆಲ್ಲ ವಿಚಾರಿಸುತ್ತಾರೆ. ಮಗು ಮೊದಲ ಕಪ್ಪು ಮಲವನ್ನು ಯಾವಾಗ ವಿಸರ್ಜಿಸಿತು, ವಾಂತಿ ಮಾಡಿದ್ದರೆ ಅದರ ಬಣ್ಣ ಯಾವುದು ಎಂದು ಕೇಳುವವರು ಕಡಿಮೆ. ಕರುಳಿನ ಜನ್ಮಜಾತ ದೋಷಗಳ ಮೊದಲ ಸುಳಿವು ಅಡಗಿರುವುದು ಈ ಎರಡು ಪ್ರಶ್ನೆಗಳಲ್ಲಿಯೇ. ಆ ಸುಳಿವನ್ನು ಹಿಡಿದು ಮುಂದುವರಿಯಲು ವೈದ್ಯರಿಗೆ ಇಂದಿಗೂ ಮೊದಲು ಒದಗುವ ಸಾಧನ, ಶತಮಾನಕ್ಕೂ ಹಳೆಯದಾದ ಸಾಮಾನ್ಯ ಎಕ್ಸ್-ರೇ.

ಅನ್ನನಾಳದಿಂದ ಗುದದ್ವಾರದವರೆಗಿನ ಜೀರ್ಣನಾಳದಲ್ಲಿ ಎಲ್ಲಿ ಬೇಕಾದರೂ ಹುಟ್ಟಿನಿಂದಲೇ ಅಡಚಣೆ ಇರಬಹುದು. ನಾಳ ಕೂಡಿಕೊಳ್ಳದೆ ಮುಚ್ಚಿಹೋಗಿರಬಹುದು, ಕಿರಿದಾಗಿರಬಹುದು, ತಪ್ಪು ಜಾಗದಲ್ಲಿ ನೆಲೆಸಿ ತಿರುಚಿಕೊಂಡಿರಬಹುದು ಅಥವಾ ನರಕೋಶಗಳಿಲ್ಲದೆ ಚಲನೆಯನ್ನೇ ಕಳೆದುಕೊಂಡಿರಬಹುದು. ಇವು ಒಂದೊಂದಾಗಿ ನೋಡಿದರೆ ಅಪರೂಪದ ದೋಷಗಳು. ಗುದದ್ವಾರವಿಲ್ಲದ ಸ್ಥಿತಿ ಮತ್ತು ಹಿರ್ಷ್‌ಸ್ಪ್ರಂಗ್ ಕಾಯಿಲೆ ತಲಾ ಸುಮಾರು 5 ಸಾವಿರ ಜನನಗಳಲ್ಲಿ ಒಂದರಲ್ಲಿ ಕಾಣಿಸುತ್ತವೆ. ಆದರೆ ಒಂದು ಲಕ್ಷ ಹೆರಿಗೆಗಳ ಲೆಕ್ಕ ಹಿಡಿದರೆ ಈ ಎರಡರಿಂದಲೇ 40 ಮಕ್ಕಳಾಗುತ್ತವೆ. ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಹೆರಿಗೆಯಾಗುವ ಬೆಂಗಳೂರಿನಂಥ ಮಹಾನಗರದಲ್ಲಿ ಇದು ಕಡೆಗಣಿಸುವ ಸಂಖ್ಯೆಯಲ್ಲ. ಸಕಾಲದಲ್ಲಿ ಪತ್ತೆಯಾದರೆ ಇವುಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥವು. ತಡವಾದರೆ ಮಗು ಕರುಳನ್ನು ಅಥವಾ ಜೀವವನ್ನೇ ಕಳೆದುಕೊಳ್ಳಬಹುದು.

ಚಿತ್ರದಲ್ಲಿ ಕಾಣುವುದು ಗಾಳಿ

ಜರ್ಮನಿಯ ವಿಜ್ಞಾನಿ ವಿಲ್‌ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್‌ನಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ಮೂಳೆಯಲ್ಲಿ ತಡೆಯಲ್ಪಡುತ್ತವೆ, ಗಾಳಿಯಲ್ಲಿ ಸಲೀಸಾಗಿ ಹಾಯುತ್ತವೆ. ಹೀಗಾಗಿ ಚಿತ್ರದಲ್ಲಿ ಮೂಳೆ ಬಿಳಿಯಾಗಿ, ಗಾಳಿ ಕಪ್ಪಾಗಿ ಮೂಡುತ್ತದೆ. ಕರುಳಿನ ಗೋಡೆ, ಯಕೃತ್ತು, ಸ್ನಾಯುಗಳೆಲ್ಲ ಹೆಚ್ಚುಕಡಿಮೆ ಒಂದೇ ಬೂದು ಬಣ್ಣದವು. ಆದ್ದರಿಂದ ಉದರದ ಎಕ್ಸ್-ರೇಯಲ್ಲಿ ವೈದ್ಯರು ಓದುವುದು ಕರುಳನ್ನಲ್ಲ, ಕರುಳಿನೊಳಗೆ ಮಗು ನುಂಗಿದ ಗಾಳಿಯನ್ನು.

ತಾಯಿಯ ಗರ್ಭದಲ್ಲಿ ಮಗುವಿನ ಕರುಳಿನಲ್ಲಿ ಗಾಳಿ ಇರುವುದಿಲ್ಲ. ಹುಟ್ಟಿದ ಕ್ಷಣದಿಂದ ಮಗು ಉಸಿರಿನೊಂದಿಗೆ ಗಾಳಿಯನ್ನೂ ನುಂಗತೊಡಗುತ್ತದೆ. ಆ ಗಾಳಿ ಕೆಲವೇ ನಿಮಿಷಗಳಲ್ಲಿ ಜಠರವನ್ನು ತಲುಪುತ್ತದೆ. ಸುಮಾರು 3 ಗಂಟೆಗಳಲ್ಲಿ ಸಣ್ಣಕರುಳಿನ ಬಹುಭಾಗವನ್ನು, 8-9 ಗಂಟೆಗಳಲ್ಲಿ ದೊಡ್ಡಕರುಳನ್ನು ತುಂಬುತ್ತದೆ. ಆರೋಗ್ಯವಂತ ಮಗುವಿನಲ್ಲಿ 24 ಗಂಟೆಗಳೊಳಗೆ ಗುದನಾಳದವರೆಗೂ ಇಳಿದಿರುತ್ತದೆ. ಗಾಳಿ ಎಲ್ಲಿ ನಿಂತಿತೋ ಅಲ್ಲಿ ತಡೆ ಇದೆ ಎಂಬುದು ಈ ಪರೀಕ್ಷೆಯ ಮೂಲಸೂತ್ರ.

ಹುಟ್ಟಿದ ಒಂದೆರಡು ಗಂಟೆಯಲ್ಲಿಯೇ ತೆಗೆದ ಚಿತ್ರದಲ್ಲಿ ಕೆಳಹೊಟ್ಟೆಯಲ್ಲಿ ಗಾಳಿ ಕಾಣದಿದ್ದರೆ ಅದು ದೋಷವಲ್ಲ, ಗಾಳಿ ಇನ್ನೂ ಅಲ್ಲಿಗೆ ತಲುಪಿಲ್ಲವೆಂದಷ್ಟೇ ಅರ್ಥ. ಈ ಕಾರಣದಿಂದಲೇ ಚಿತ್ರದ ಮೇಲೆ ದಿನಾಂಕದೊಂದಿಗೆ ವೇಳೆಯನ್ನೂ ನಮೂದಿಸುವುದು ಅತ್ಯಗತ್ಯ. ಮಗು ಎಷ್ಟು ಗಂಟೆಯ ಕೂಸು ಎಂಬುದು ತಿಳಿಯದೆ ಚಿತ್ರವನ್ನು ಸರಿಯಾಗಿ ಓದಲಾಗದು.

ಅನುಮಾನ ಹುಟ್ಟಿಸುವ ಲಕ್ಷಣಗಳು

ಹಾಲು ಕುಡಿದ ಮಗು ಒಂದಿಷ್ಟು ಹಾಲನ್ನು ಕಕ್ಕುವುದು ಸಹಜ. ಕಕ್ಕಿದ್ದು ಹಸಿರು ಬಣ್ಣದ್ದಾಗಿದ್ದರೆ ಮಾತ್ರ ಅದನ್ನು ಸಹಜವೆಂದು ಬಿಡುವಂತಿಲ್ಲ. ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸ ಸಣ್ಣಕರುಳಿನ ಮೊದಲ ಭಾಗವಾದ ಡುಯೋಡಿನಂಗೆ ಬಂದು ಸೇರುತ್ತದೆ. ಅದಕ್ಕಿಂತ ಕೆಳಗೆ ದಾರಿ ಕಟ್ಟಿದ್ದರೆ ಪಿತ್ತರಸ ಹಿಂದಿರುಗಿ ಬಾಯಿಯಿಂದ ಹೊರಬರುತ್ತದೆ. ನವಜಾತ ಶಿಶುವಿನ ಹಸಿರು ವಾಂತಿಗೆ ಬೇರೆ ಕಾರಣ ಸಾಬೀತಾಗುವವರೆಗೂ ಅದನ್ನು ಕರುಳಿನ ಅಡಚಣೆ ಎಂದೇ ಪರಿಗಣಿಸಬೇಕೆಂಬುದು ಮಕ್ಕಳ ಶಸ್ತ್ರಚಿಕಿತ್ಸೆಯ ಮೊದಲ ಪಾಠ.

ಎರಡನೆಯ ಲಕ್ಷಣ ಮಲವಿಸರ್ಜನೆಯಲ್ಲಿ ವಿಳಂಬ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವು ಮೊದಲ 24 ಗಂಟೆಗಳಲ್ಲಿ, ಉಳಿದವುಗಳಲ್ಲಿ ಬಹುತೇಕ 48 ಗಂಟೆಗಳೊಳಗೆ ಕಪ್ಪುಹಸಿರಿನ ಅಂಟುಮಲವನ್ನು ವಿಸರ್ಜಿಸುತ್ತವೆ. ವೈದ್ಯರು ಇದನ್ನು ಮೆಕೋನಿಯಂ ಎನ್ನುತ್ತಾರೆ. ಹೊಟ್ಟೆ ಉಬ್ಬರಿಸುವುದು, ಬಾಯಿಯಿಂದ ನಿರಂತರವಾಗಿ ನೊರೆಜೊಲ್ಲು ಸುರಿಯುವುದು, ಹಾಲು ಕುಡಿಸಿದೊಡನೆ ಕೆಮ್ಮಿ ಮೈ ನೀಲಿಗಟ್ಟುವುದು ಇತರ ಲಕ್ಷಣಗಳು. ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಸುತ್ತ ನೀರು ಅತಿಯಾಗಿದೆ ಎಂದು ವರದಿಯಾಗಿದ್ದರೆ ಹುಟ್ಟಿದ ಮಗುವನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ. ಗರ್ಭದಲ್ಲಿರುವಾಗ ಮಗು ಆ ನೀರನ್ನು ನುಂಗುತ್ತಿರುತ್ತದೆ. ಜೀರ್ಣನಾಳದ ಮೇಲ್ಭಾಗದಲ್ಲಿ ತಡೆ ಇದ್ದಾಗ ನುಂಗಲಾಗದೆ ನೀರು ಹೆಚ್ಚುತ್ತದೆ. ಐದನೆಯ ತಿಂಗಳ ಸ್ಕ್ಯಾನಿಂಗ್ ಸರಿಯಾಗಿತ್ತೆಂಬ ಮಾತ್ರಕ್ಕೆ ಕರುಳಿನ ದೋಷವಿಲ್ಲವೆಂದು ಹೇಳಲಾಗದು. ಇವುಗಳಲ್ಲಿ ಹಲವು ಆ ಅವಧಿಯ ನಂತರವಷ್ಟೇ ಸ್ಕ್ಯಾನಿಂಗ್‌ನಲ್ಲಿ ಗೋಚರಿಸುತ್ತವೆ, ಕೆಲವು ಗೋಚರಿಸುವುದೇ ಇಲ್ಲ.

ಅನ್ನನಾಳ ಮುಚ್ಚಿದ್ದರೆ

ಜೊಲ್ಲು ಸುರಿಸುವ ಮಗುವಿಗೆ ಬಾಯಿಯ ಮೂಲಕ ದಪ್ಪನೆಯ ನಳಿಕೆಯೊಂದನ್ನು ಇಳಿಸಲಾಗುತ್ತದೆ. ಒಸಡಿನಿಂದ ಸುಮಾರು 10 ಸೆಂ.ಮೀ. ಆಳದಲ್ಲಿ ಅದು ನಿಂತುಬಿಟ್ಟರೆ ಅನ್ನನಾಳ ಕುರುಡಾಗಿ ಕೊನೆಗೊಂಡಿದೆ ಎಂದು ಶಂಕಿಸಬೇಕು. ಆಗ ಎದೆ ಮತ್ತು ಹೊಟ್ಟೆ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಎಕ್ಸ್-ರೇ ತೆಗೆಯುತ್ತಾರೆ. ಎದೆಯ ಮೇಲ್ಭಾಗದಲ್ಲಿ ನಳಿಕೆ ನಿಂತಿರುವುದು ಅಥವಾ ಸುರುಳಿ ಸುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಹೊಟ್ಟೆಯ ಭಾಗ ಇನ್ನೊಂದು ಮುಖ್ಯ ಸಂಗತಿಯನ್ನು ತಿಳಿಸುತ್ತದೆ. ಅನ್ನನಾಳ ಮುಚ್ಚಿದ್ದರೂ ಹೊಟ್ಟೆಯಲ್ಲಿ ಗಾಳಿ ಕಂಡರೆ, ಅನ್ನನಾಳದ ಕೆಳತುಂಡು ಶ್ವಾಸನಾಳಕ್ಕೆ ಅಂಟಿಕೊಂಡಿದ್ದು ಅಲ್ಲಿಂದ ಗಾಳಿ ಇಳಿಯುತ್ತಿದೆ ಎಂದರ್ಥ. ಹೆಚ್ಚಿನ ಪ್ರಕರಣಗಳು ಈ ಬಗೆಯವು. ಹೊಟ್ಟೆ ಗಾಳಿಯಿಲ್ಲದೆ ಪೂರ್ಣ ಬಿಳಿಯಾಗಿದ್ದರೆ ಅಂಥ ಸಂಪರ್ಕವಿಲ್ಲ, ಎರಡು ತುಂಡುಗಳ ನಡುವಣ ಅಂತರ ದೊಡ್ಡದಿರುವ ಸಂಭವವಿದೆ. ಶಸ್ತ್ರಚಿಕಿತ್ಸೆಯ ಯೋಜನೆಯೇ ಇದರಿಂದ ಬದಲಾಗುತ್ತದೆ. ಬೆನ್ನುಮೂಳೆಯ ದೋಷವೂ ಅದೇ ಚಿತ್ರದಲ್ಲಿ ಪತ್ತೆಯಾಗುವುದುಂಟು. ಈ ಮಕ್ಕಳಲ್ಲಿ ಹೃದಯ, ಮೂತ್ರಪಿಂಡ, ಗುದದ್ವಾರದ ದೋಷಗಳೂ ಜೊತೆಗೂಡಿರಬಹುದಾದ್ದರಿಂದ ಅವುಗಳನ್ನೂ ಪರೀಕ್ಷಿಸಲಾಗುತ್ತದೆ. ನಳಿಕೆಯೇ ವಿಷಯ ತಿಳಿಸುವುದರಿಂದ ಸಾಮಾನ್ಯವಾಗಿ ಬೇರಿಯಂ ಕುಡಿಸುವ ಅಗತ್ಯವಿಲ್ಲ. ಕುಡಿಸಿದ ದ್ರವ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಎರಡು ಗುಳ್ಳೆ, ಮೂರು ಗುಳ್ಳೆ

ಡುಯೋಡಿನಂ ಮುಚ್ಚಿರುವ ಮಗುವಿನ ಎಕ್ಸ್-ರೇಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಎಡಗಡೆ ದೊಡ್ಡ ಕಪ್ಪು ಗುಳ್ಳೆ, ಬಲಗಡೆ ಚಿಕ್ಕ ಕಪ್ಪು ಗುಳ್ಳೆ, ಕೆಳಗೆ ಏನೂ ಇಲ್ಲದ ಬಿಳುಪು. ಎಡದ್ದು ಉಬ್ಬಿದ ಜಠರ, ಬಲದ್ದು ಉಬ್ಬಿದ ಡುಯೋಡಿನಂ. ವೈದ್ಯರು ಇದನ್ನು ಡಬಲ್ ಬಬಲ್ ಎಂದು ಕರೆಯುತ್ತಾರೆ. ಕೆಳಗೆ ಗಾಳಿಯ ಸುಳಿವೇ ಇಲ್ಲದಿದ್ದರೆ ಬೇರೆ ಪರೀಕ್ಷೆಯಿಲ್ಲದೆಯೇ ರೋಗನಿರ್ಣಯ ಬಹುಮಟ್ಟಿಗೆ ಮುಗಿದಂತೆ. ಅಲ್ಲಲ್ಲಿ ಗಾಳಿ ಕಂಡರೆ ದಾರಿ ಪೂರ್ತಿ ಮುಚ್ಚಿಲ್ಲ, ಕಿರಿದಾಗಿದೆ ಅಥವಾ ಕರುಳು ತಿರುಚಿಕೊಂಡಿದೆ ಎಂಬ ಸಾಧ್ಯತೆ ಉಳಿಯುತ್ತದೆ. ಈ ದೋಷವಿರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದಕ್ಕೆ ಡೌನ್ ಸಿಂಡ್ರೋಮ್ ಇರುತ್ತದೆ.

ತಡೆ ಇನ್ನೂ ಸ್ವಲ್ಪ ಕೆಳಗೆ, ಸಣ್ಣಕರುಳಿನ ಜೆಜುನಂ ಭಾಗದಲ್ಲಿದ್ದರೆ ಮೂರು ಅಥವಾ ನಾಲ್ಕು ಗುಳ್ಳೆಗಳು ಕಾಣುತ್ತವೆ. ಸಣ್ಣಕರುಳಿನ ಕೊನೆಯ ಭಾಗವಾದ ಇಲಿಯಂನಲ್ಲಿದ್ದರೆ ಹೊಟ್ಟೆಯ ತುಂಬ ಉಬ್ಬಿದ ಸುರುಳಿಗಳು ತುಂಬಿಕೊಂಡಿರುತ್ತವೆ. ಗುಳ್ಳೆಗಳು ಕಡಿಮೆಯಿದ್ದಷ್ಟೂ ತಡೆ ಮೇಲಿದೆ, ಹೆಚ್ಚಿದ್ದಷ್ಟೂ ಕೆಳಗಿದೆ.

ಸಣ್ಣಕರುಳಿನ ನಡುಭಾಗ ಏಕೆ ಮುಚ್ಚಿಹೋಗುತ್ತದೆ ಎಂಬುದಕ್ಕೆ ಉತ್ತರ ದೊರೆತದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ. ಗರ್ಭದಲ್ಲಿರುವ ನಾಯಿಮರಿಗಳ ಕರುಳಿಗೆ ರಕ್ತ ಒಯ್ಯುವ ನಾಳವನ್ನು ಕಟ್ಟಿದರೆ ಆ ಭಾಗ ಬಾಡಿ ಕರುಳು ಮುಚ್ಚಿಹೋಗುತ್ತದೆಂದು ಜಾನ್ನಿ ಲೌ ಮತ್ತು ಕ್ರಿಶ್ಚಿಯನ್ ಬರ್ನಾರ್ಡ್ 1955ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿಯೇ ರಕ್ತಸಂಚಾರ ಕಡಿದುಹೋಗುವುದು ಈ ದೋಷಕ್ಕೆ ಕಾರಣವೆಂದು ಇದರಿಂದ ತಿಳಿದುಬಂತು. ಅದೇ ಬರ್ನಾರ್ಡ್ 1967ರ ಡಿಸೆಂಬರ್‌ನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿ ಜಗತ್ಪ್ರಸಿದ್ಧರಾದರು. ಗ್ರಹಣ ಕಾಲದಲ್ಲಿ ಗರ್ಭಿಣಿ ಹೊರಗೆ ಬಂದದ್ದರಿಂದಲೋ, ತಿನ್ನಬಾರದ್ದನ್ನು ತಿಂದದ್ದರಿಂದಲೋ ಮಗುವಿಗೆ ಹೀಗಾಯಿತೆಂದು ತಾಯಿಯನ್ನು ದೂರುವುದು ಆಧಾರರಹಿತ.

ತಿರುಚಿದ ಕರುಳು: ಗಂಟೆಗಳ ಲೆಕ್ಕ

ಈ ಎಲ್ಲ ದೋಷಗಳ ಪೈಕಿ ಅತ್ಯಂತ ಅಪಾಯಕಾರಿಯಾದುದು ಎಕ್ಸ್-ರೇಯನ್ನೇ ಏಮಾರಿಸಬಲ್ಲದು. ಗರ್ಭದ ಆರನೆಯ ವಾರದ ಸುಮಾರಿಗೆ ಭ್ರೂಣದ ಕರುಳು ಹೊಕ್ಕುಳಬಳ್ಳಿಯೊಳಕ್ಕೆ ಚಾಚಿಕೊಂಡು, ಹತ್ತನೆಯ ವಾರದ ಹೊತ್ತಿಗೆ ಹೊಟ್ಟೆಗೆ ಹಿಂದಿರುಗುತ್ತದೆ. ಈ ಪಯಣದಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ 270 ಡಿಗ್ರಿ ತಿರುಗಿ ತನ್ನ ಸ್ಥಾನದಲ್ಲಿ ನೆಲೆಗೊಳ್ಳಬೇಕು. ತಿರುಗುವಿಕೆ ಅರ್ಧಕ್ಕೆ ನಿಂತರೆ ಅದನ್ನು ಮಾಲ್‌ರೊಟೇಷನ್ ಎನ್ನುತ್ತಾರೆ. ಆಗ ಕರುಳನ್ನು ಹಿಡಿದಿಡುವ ಪೊರೆಯ ಬುಡ ಅಗಲವಾಗಿರದೆ ಕಿರಿದಾಗಿರುತ್ತದೆ. ಇಡೀ ಕರುಳು ಆ ಕಿರಿದಾದ ಬುಡದ ಸುತ್ತ ಹಗ್ಗದಂತೆ ಹೊಸೆದುಕೊಳ್ಳುವ ಅಪಾಯವಿದೆ. ಅದೇ ವಾಲ್ವುಲಸ್.

ಹೊಸೆದುಕೊಂಡಾಗ ಆಹಾರದ ದಾರಿಯಷ್ಟೇ ಅಲ್ಲ, ಕರುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿಯೂ ಕಟ್ಟುತ್ತದೆ. ಡುಯೋಡಿನಂನಿಂದ ದೊಡ್ಡಕರುಳಿನ ಮಧ್ಯದವರೆಗಿನ ಭಾಗವೆಲ್ಲ ಈ ಒಂದೇ ಧಮನಿಯನ್ನು ಅವಲಂಬಿಸಿದೆ. ಗಂಟೆಗಳ ಅವಧಿಯಲ್ಲಿ ಇಷ್ಟೂ ಕರುಳು ಕೊಳೆಯಬಹುದು. ಮಗು ಬದುಕುಳಿದರೂ ಆಹಾರ ಹೀರಿಕೊಳ್ಳಲು ಕರುಳೇ ಇಲ್ಲದೆ ದೀರ್ಘಕಾಲ ರಕ್ತನಾಳದ ಮೂಲಕವೇ ಪೋಷಕಾಂಶ ಪಡೆಯುವ ಸ್ಥಿತಿ ಉಂಟಾಗುತ್ತದೆ. ಚೆನ್ನಾಗಿ ಹಾಲು ಕುಡಿದು, ಮಲ ವಿಸರ್ಜಿಸಿ, ಮನೆಗೆ ಹೋಗಿದ್ದ ಮಗು ಮೂರನೆಯ ದಿನವೋ ಹತ್ತನೆಯ ದಿನವೋ ಇದ್ದಕ್ಕಿದ್ದಂತೆ ಹಸಿರು ವಾಂತಿ ಮಾಡುವುದು ಇದರ ವಿಶಿಷ್ಟ ಲಕ್ಷಣ. ರೋಗಲಕ್ಷಣ ತೋರುವ ಪ್ರಕರಣಗಳಲ್ಲಿ ಬಹುಪಾಲು ಮೊದಲ ತಿಂಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಇಂಥ ಮಗುವಿನ ಸಾಮಾನ್ಯ ಎಕ್ಸ್-ರೇ ಸಂಪೂರ್ಣ ಸಹಜವಾಗಿ ಕಾಣಬಹುದು! ತಿರುಚುವ ಮೊದಲೇ ಗಾಳಿ ಕರುಳಿನ ತುಂಬ ಹರಡಿರುತ್ತದಾದ್ದರಿಂದ ಚಿತ್ರದಲ್ಲಿ ದೋಷ ಮೂಡದೆ ಇರುವುದುಂಟು. ಆದುದರಿಂದ ಎಕ್ಸ್-ರೇ ಸರಿಯಿದೆ ಎಂಬ ಕಾರಣಕ್ಕೆ ಹಸಿರು ವಾಂತಿ ಮಾಡಿದ ಮಗುವನ್ನು ಮನೆಗೆ ಕಳುಹಿಸುವಂತಿಲ್ಲ. ನಳಿಕೆಯ ಮೂಲಕ ಜಠರಕ್ಕೆ ಕಾಂಟ್ರಾಸ್ಟ್ ದ್ರವ ಬಿಟ್ಟು, ಅದು ಸಾಗುವ ಹಾದಿಯನ್ನು ಎಕ್ಸ್-ರೇ ಪರದೆಯಲ್ಲಿ ಗಮನಿಸುವುದು ನಿರ್ಣಾಯಕ ಪರೀಕ್ಷೆ. ಸಹಜ ಮಗುವಿನಲ್ಲಿ ಡುಯೋಡಿನಂ ಬೆನ್ನುಮೂಳೆಯನ್ನು ದಾಟಿ ಎಡಕ್ಕೆ ಬಂದು, ಮೇಲಕ್ಕೇರಿ ಜೆಜುನಂ ಅನ್ನು ಕೂಡುತ್ತದೆ. ಮಾಲ್‌ರೊಟೇಷನ್‌ನಲ್ಲಿ ಅದು ಎಡಕ್ಕೆ ದಾಟುವುದೇ ಇಲ್ಲ. ತಿರುಚಿಕೊಂಡಿದ್ದರೆ ದ್ರವ ಬಾಟಲಿಯ ಬಿರಡೆ ತೆಗೆಯುವ ತಿರುಪಿನ ಆಕಾರದಲ್ಲಿ ಇಳಿಯುತ್ತದೆ. ಅಲ್ಟ್ರಾಸೌಂಡ್ ಡಾಪ್ಲರ್‌ನಲ್ಲಿ ಧಮನಿಯ ಸುತ್ತ ರಕ್ತನಾಳ ಸುಳಿಯಂತೆ ಸುತ್ತಿರುವುದು ಕಂಡರೂ ನಿರ್ಣಯ ಸಾಧ್ಯ. ಅನುಭವಿಗಳಿರುವ ಕೇಂದ್ರಗಳಲ್ಲಿ ಇಂದು ಅಲ್ಟ್ರಾಸೌಂಡ್ ಮೊದಲ ಪರೀಕ್ಷೆಯಾಗಿಯೂ ಬಳಕೆಯಲ್ಲಿದೆ. ಮಗು ಬಿಳಿಚಿಕೊಂಡು, ಹೊಟ್ಟೆ ಗಡುಸಾಗಿ, ಮಲದಲ್ಲಿ ರಕ್ತ ಬಂದಿದ್ದರೆ ಪರೀಕ್ಷೆಗಾಗಿ ಕಾಯದೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗುತ್ತದೆ. ಬಾಸ್ಟನ್‌ನ ವಿಲಿಯಂ ಲ್ಯಾಡ್ 1930ರ ದಶಕದಲ್ಲಿ ರೂಪಿಸಿದ ಶಸ್ತ್ರಕ್ರಿಯೆಯೇ ಇಂದಿಗೂ ಇದಕ್ಕೆ ಚಿಕಿತ್ಸೆ.

ಗುದದ್ವಾರವಿಲ್ಲದ ಮಗು: ಚಂಡೀಗಢದ ಕೊಡುಗೆ

ಗುದದ್ವಾರ ಇಲ್ಲದಿರುವುದನ್ನು ಕಂಡುಹಿಡಿಯಲು ಎಕ್ಸ್-ರೇ ಬೇಕಿಲ್ಲ, ಹುಟ್ಟಿದೊಡನೆ ಮಗುವಿನ ಮೈಯನ್ನು ಪೂರ್ತಿಯಾಗಿ ನೋಡಿದರೆ ಸಾಕು. ಎಕ್ಸ್-ರೇಯ ಅಗತ್ಯ ಬೀಳುವುದು, ಕುರುಡಾಗಿ ಕೊನೆಗೊಂಡ ಗುದನಾಳ ಚರ್ಮದಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯಲು. ಹತ್ತಿರವಿದ್ದರೆ ನೇರವಾಗಿ ದ್ವಾರ ರೂಪಿಸಬಹುದು. ದೂರವಿದ್ದರೆ ಮೊದಲು ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ಮಾಡಿ, ಮಗು ಬೆಳೆದ ಮೇಲೆ ಮುಖ್ಯ ಶಸ್ತ್ರಚಿಕಿತ್ಸೆ ಮಾಡುವುದು ರೂಢಿ.

ಅಮೆರಿಕದ ಓವೆನ್ ವ್ಯಾಂಗನ್‌ಸ್ಟೀನ್ ಮತ್ತು ರೈಸ್ 1930ರಲ್ಲಿ ಇದಕ್ಕೊಂದು ಉಪಾಯ ಸೂಚಿಸಿದ್ದರು. ಮಗುವನ್ನು ಕೆಲವು ನಿಮಿಷ ತಲೆಕೆಳಗಾಗಿ ಹಿಡಿದರೆ ಗಾಳಿ ಮೇಲೇರಿ ಗುದನಾಳದ ತುದಿಗೆ ಬಂದು ನಿಲ್ಲುತ್ತದೆ. ಗುದದ್ವಾರ ಇರಬೇಕಾದ ಜಾಗದಲ್ಲಿ ಲೋಹದ ಚೂರೊಂದನ್ನು ಅಂಟಿಸಿ ಪಕ್ಕದಿಂದ ಎಕ್ಸ್-ರೇ ತೆಗೆದರೆ ಎರಡರ ನಡುವಣ ಅಂತರ ತಿಳಿಯುತ್ತದೆ. ಇನ್ವರ್ಟೋಗ್ರಾಂ ಎಂಬ ಈ ವಿಧಾನ ದಶಕಗಳ ಕಾಲ ಜಗತ್ತಿನೆಲ್ಲೆಡೆ ಬಳಕೆಯಲ್ಲಿತ್ತು. ಆದರೆ ಹೊಟ್ಟೆ ಉಬ್ಬಿದ ಹಸುಗೂಸನ್ನು ತಲೆಕೆಳಗೆ ಹಿಡಿಯುವುದು ಸುಲಭವಲ್ಲ. ವಾಂತಿ ಶ್ವಾಸಕೋಶಕ್ಕೆ ನುಗ್ಗಬಹುದು, ಮಗು ಉಸಿರಾಟಕ್ಕೆ ಒದ್ದಾಡಬಹುದು.

ಇದಕ್ಕೆ ಸುರಕ್ಷಿತ ಪರ್ಯಾಯ ಒದಗಿದ್ದು ಭಾರತದಿಂದ ಎಂಬುದು ಗಮನಾರ್ಹ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಕೆ.ಎಲ್. ನರಸಿಂಹರಾವ್ ಮತ್ತು ಸಂಗಡಿಗರು 1983ರಲ್ಲಿ ಅಮೆರಿಕದ ರೇಡಿಯಾಲಜಿ ಪತ್ರಿಕೆಯೊಂದರಲ್ಲಿ ಹೊಸ ಭಂಗಿಯನ್ನು ವಿವರಿಸಿದರು. ಮಗುವನ್ನು ಬೋರಲಾಗಿ ಮಲಗಿಸಿ, ಸೊಂಟದ ಕೆಳಗೆ ಬಟ್ಟೆಯ ಸುರುಳಿಯಿಟ್ಟು ಪೃಷ್ಠವನ್ನು ಎತ್ತರಿಸಿ, ಕೆಲವು ನಿಮಿಷ ಕಳೆದ ಮೇಲೆ ಅಡ್ಡಲಾಗಿ ಕಿರಣ ಹಾಯಿಸುವುದು ಈ ವಿಧಾನ. ತಲೆಕೆಳಗೆ ಹಿಡಿಯುವ ಕಷ್ಟವಿಲ್ಲದೆ ಅಷ್ಟೇ ಮಾಹಿತಿ ದೊರೆಯುತ್ತದೆ. ಇಂದು ಹೆಚ್ಚಿನ ಕಡೆಗಳಲ್ಲಿ ಈ ವಿಧಾನವನ್ನೇ ಅನುಸರಿಸಲಾಗುತ್ತಿದೆ. ಗಾಳಿ ಗುದನಾಳದ ತುದಿ ಮುಟ್ಟಲು ಸಮಯ ಬೇಕಾದ್ದರಿಂದ ಹುಟ್ಟಿ ಸುಮಾರು 24 ಗಂಟೆಗಳ ಬಳಿಕ ಚಿತ್ರ ತೆಗೆಯುತ್ತಾರೆ. ಅವಸರದಲ್ಲಿ ತೆಗೆದರೆ ಹತ್ತಿರದ ಗುದನಾಳವೂ ದೂರವಿದ್ದಂತೆ ತೋರಿ ಅನಗತ್ಯ ಶಸ್ತ್ರಚಿಕಿತ್ಸೆಗೆ ದಾರಿಯಾದೀತು.

ನರಕೋಶಗಳಿಲ್ಲದ ದೊಡ್ಡಕರುಳು

ಡೆನ್ಮಾರ್ಕ್‌ನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಕರುಳಿನ ದಾರಿ ತೆರೆದೇ ಇರುತ್ತದೆ. ಆದರೆ ಕೊನೆಯ ಭಾಗದ ಗೋಡೆಯಲ್ಲಿ ಚಲನೆಯನ್ನು ನಿಯಂತ್ರಿಸುವ ನರಕೋಶಗಳಿಲ್ಲದೆ ಅದು ಸದಾ ಬಿಗಿದುಕೊಂಡಿರುತ್ತದೆ. ಗಂಡುಮಕ್ಕಳಲ್ಲಿ ಇದು ಹೆಣ್ಣುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಗುದದ್ವಾರದ ಮೂಲಕ ಕಾಂಟ್ರಾಸ್ಟ್ ದ್ರವ ಹರಿಸಿ ಚಿತ್ರ ತೆಗೆದಾಗ ಕೆಳಗಿನ ಭಾಗ ಕಿರಿದಾಗಿ, ಮೇಲಿನದು ಆಲಿಕೆಯಂತೆ ಅಗಲವಾಗಿ ಕಾಣುತ್ತದೆ. ಸಹಜವಾಗಿ ಗುದನಾಳವು ಅದರ ಮೇಲಿನ ಕರುಳಿಗಿಂತ ಅಗಲವಾಗಿರಬೇಕು. ಇಲ್ಲಿ ಅದು ತಿರುವುಮುರುವಾಗಿರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗದಿರಬಹುದು. ಆದ್ದರಿಂದ ಎಕ್ಸ್-ರೇಯನ್ನು ಮಾತ್ರ ನಂಬದೆ, ಗುದನಾಳದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ.

ಕಾಂಟ್ರಾಸ್ಟ್ ಎನಿಮಾ ಕೆಲವೊಮ್ಮೆ ಪರೀಕ್ಷೆಯಷ್ಟೇ ಅಲ್ಲದೆ ಚಿಕಿತ್ಸೆಯೂ ಆಗುತ್ತದೆ. ಅಂಟಾದ ಮೆಕೋನಿಯಂ ಕರುಳಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದ್ದಾಗ ಗ್ಯಾಸ್ಟ್ರೋಗ್ರಾಫಿನ್ ದ್ರವ ಹರಿಸಿ ಅದನ್ನು ಸಡಿಲಿಸಬಹುದೆಂದು ಹೆಲೆನ್ ನೋಬ್ಲೆಟ್ 1969ರಲ್ಲಿ ತೋರಿಸಿದರು. ತೊಡಕಿಲ್ಲದ ಪ್ರಕರಣಗಳಲ್ಲಿ ಮಗು ಶಸ್ತ್ರಚಿಕಿತ್ಸೆಯಿಂದ ಪಾರಾಗುವುದುಂಟು.

ಕರುಳು ತೂತಾಗಿದ್ದರೆ

ಕರುಳು ಒಡೆದು ಗಾಳಿ ಹೊರಬಂದಿದೆಯೆ ಎಂಬುದನ್ನು ತಿಳಿಯುವುದಕ್ಕೂ ಎಕ್ಸ್-ರೇ ನೆರವಾಗುತ್ತದೆ. ಅಂಗಾತ ಮಲಗಿಸಿ ತೆಗೆದ ಚಿತ್ರದಲ್ಲಿ ಈ ಗಾಳಿ ಕಣ್ತಪ್ಪಬಹುದು. ಮಗುವನ್ನು ಎಡಮಗ್ಗುಲಿಗೆ ಮಲಗಿಸಿ ಅಡ್ಡಲಾಗಿ ಕಿರಣ ಹಾಯಿಸಿದರೆ ಗಾಳಿ ಮೇಲೇರಿ ಯಕೃತ್ತಿನ ಪಕ್ಕ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಹೊಟ್ಟೆಯಲ್ಲಿ ಸುಣ್ಣದ ಬಿಳಿ ಚುಕ್ಕೆಗಳು ಕಂಡರೆ, ಕರುಳು ಗರ್ಭದಲ್ಲಿಯೇ ಒಡೆದು ಮೆಕೋನಿಯಂ ಸೋರಿತ್ತೆಂದು ಊಹಿಸಬಹುದು. ಇನ್ನೊಂದು ಮಿತಿಯನ್ನೂ ಗಮನದಲ್ಲಿಡಬೇಕು. ಸಾಮಾನ್ಯ ಚಿತ್ರದಲ್ಲಿ ಹಸುಗೂಸಿನ ಉಬ್ಬಿದ ಸಣ್ಣಕರುಳನ್ನೂ ದೊಡ್ಡಕರುಳನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟ. ಕೆಳಭಾಗದ ತಡೆಗಳಿಗೆ ಕಾಂಟ್ರಾಸ್ಟ್ ಎನಿಮಾ ಬೇಕಾಗುವುದು ಈ ಕಾರಣಕ್ಕೆ.

ವಿಕಿರಣದ ಭಯ ಎಷ್ಟು ಸರಿ?

ಹಸುಗೂಸಿಗೆ ಎಕ್ಸ್-ರೇ ಎಂದಾಕ್ಷಣ ಹೆತ್ತವರು ಅಳುಕುವುದು ಸಹಜ. ಭೂಮಿಯ ಮೇಲೆ ಪ್ರತಿಯೊಬ್ಬರೂ ನಿಸರ್ಗದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಪಡೆಯುತ್ತಾರೆ. ಸರಿಯಾಗಿ ತೆಗೆದ ಶಿಶುವಿನ ಒಂದು ಉದರ ಚಿತ್ರದ ವಿಕಿರಣ, ನಿಸರ್ಗದಿಂದ ಕೆಲವು ದಿನಗಳಿಂದ ಒಂದೆರಡು ವಾರದಲ್ಲಿ ದೊರೆಯುವಷ್ಟು ಮಾತ್ರ. ಪರದೆಯ ಮೇಲೆ ನೋಡುತ್ತ ಮಾಡುವ ಕಾಂಟ್ರಾಸ್ಟ್ ಪರೀಕ್ಷೆಯಲ್ಲಿ ಪ್ರಮಾಣ ಅದಕ್ಕಿಂತ ಹೆಚ್ಚು. ಹಾಗೆಂದು ಬೇಕಾಬಿಟ್ಟಿ ಎಕ್ಸ್-ರೇ ತೆಗೆಯುವುದು ಸಲ್ಲದು. ಮಕ್ಕಳ ದೇಹಕೋಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ. ಬೇಕಾದ ಭಾಗಕ್ಕಷ್ಟೇ ಕಿರಣವನ್ನು ಸೀಮಿತಗೊಳಿಸುವುದು, ಮಗು ಅಲುಗದಂತೆ ಹಿಡಿದು ಒಂದೇ ಸಲಕ್ಕೆ ಒಳ್ಳೆಯ ಚಿತ್ರ ಪಡೆಯುವುದು, ಶಿಶುವಿಗೆ ತಕ್ಕ ಕಡಿಮೆ ಪ್ರಮಾಣ ಬಳಸುವುದು ತಂತ್ರಜ್ಞರ ಹೊಣೆ. ಮಗುವನ್ನು ಹಿಡಿದುಕೊಳ್ಳುವವರು ಸೀಸದ ಏಪ್ರನ್ ತೊಟ್ಟಿರಬೇಕು, ಗರ್ಭಿಣಿಯರು ಹಿಡಿಯಬಾರದು. ದೇಶದಲ್ಲಿ ಎಕ್ಸ್-ರೇ ಘಟಕಗಳ ಸುರಕ್ಷತೆಯ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು.

ಪಶ್ಚಿಮ ಬೆಂಗಳೂರಿನಿಂದ ಎಲ್ಲಿಗೆ?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಿಂದ ಕೆಂಗೇರಿಯವರೆಗೆ ಹಬ್ಬಿರುವ ಪಶ್ಚಿಮ ಬೆಂಗಳೂರಿನಲ್ಲಿ ಹೆರಿಗೆಗಳು ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಅಲ್ಲದೆ ಬಡಾವಣೆಯ ನರ್ಸಿಂಗ್ ಹೋಂಗಳಲ್ಲಿಯೂ ಆಗುತ್ತವೆ. ಎಕ್ಸ್-ರೇ ಯಂತ್ರ ಎಲ್ಲೆಡೆ ದೊರೆಯಬಹುದು. ಆದರೆ ನವಜಾತ ಶಿಶುವಿಗೆ ಅರಿವಳಿಕೆ ನೀಡಿ ಕರುಳಿನ ಶಸ್ತ್ರಚಿಕಿತ್ಸೆ ಮಾಡುವ ಮಕ್ಕಳ ಶಸ್ತ್ರಚಿಕಿತ್ಸಕರು, ತೀವ್ರನಿಗಾ ಘಟಕ, ಮಕ್ಕಳ ಚಿತ್ರಗಳನ್ನು ಓದಿ ಪಳಗಿದ ರೇಡಿಯಾಲಜಿಸ್ಟ್ ಒಂದೇ ಸೂರಿನಡಿ ಇರುವ ಆಸ್ಪತ್ರೆಗಳು ಕೆಲವೇ.

ರಾಜಾಜಿನಗರದಲ್ಲಿ ಕಾರ್ಮಿಕ ರಾಜ್ಯ ವಿಮಾ ನಿಗಮದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದ್ದು, ಇಎಸ್‌ಐ ವಿಮೆಗೆ ಒಳಪಟ್ಟ ನೌಕರರು ಮತ್ತು ಅವರ ಅವಲಂಬಿತರು ಅಲ್ಲಿ ಚಿಕಿತ್ಸೆಗೆ ಅರ್ಹರು. ಸರ್ಕಾರಿ ವ್ಯವಸ್ಥೆಯಲ್ಲಿ ಕೃಷ್ಣರಾಜ ಮಾರುಕಟ್ಟೆಯ ಬಳಿ, 1935ರಲ್ಲಿ ಆರಂಭವಾದ ವಾಣಿವಿಲಾಸ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಹಾಗೂ ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳ ಶಸ್ತ್ರಚಿಕಿತ್ಸೆಗೆ ಹೆಸರಾದ ಕೇಂದ್ರಗಳು. ಕೆಂಗೇರಿ ಕಡೆಯಿಂದ ಹೊರಟ ಆಂಬುಲೆನ್ಸ್ ನಾಯಂಡಹಳ್ಳಿ, ಸಿರ್ಸಿ ವೃತ್ತದ ವಾಹನ ದಟ್ಟಣೆಯನ್ನು ದಾಟಿ ಈ ಆಸ್ಪತ್ರೆಗಳನ್ನು ಸೇರಬೇಕು. ರಾಮನಗರದ ಕಡೆಯಿಂದ ಬರುವ ಮಕ್ಕಳಿಗೂ ಇದೇ ಹಾದಿ. ತಿರುಚಿದ ಕರುಳಿನ ಮಗುವಿಗೆ ಈ ದಾರಿಯಲ್ಲಿ ಕಳೆಯುವ ಪ್ರತಿ ಗಂಟೆಗೂ ಬೆಲೆಯುಂಟು. ಆದ್ದರಿಂದ ಒಂದು ಕಡೆ ಎಕ್ಸ್-ರೇ, ಇನ್ನೊಂದು ಕಡೆ ಸ್ಕ್ಯಾನಿಂಗ್, ಮತ್ತೊಂದು ಕಡೆ ಎರಡನೆಯ ಅಭಿಪ್ರಾಯ ಎಂದು ಅಲೆಯುವ ಬದಲು, ಮೊದಲ ಚಿತ್ರದ ನಂತರ ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ನೇರವಾಗಿ ಹೋಗುವುದು ಲೇಸು. ಹೊರಡುವ ಮೊದಲು ದೂರವಾಣಿ ಮಾಡಿ ಹಾಸಿಗೆ ಮತ್ತು ವೈದ್ಯರ ಲಭ್ಯತೆಯನ್ನು ಖಚಿತಪಡಿಸಿಕೊಳ್ಳಬೇಕು. ಎಕ್ಸ್-ರೇ ಚಿತ್ರವನ್ನು ಮೊಬೈಲ್‌ನಲ್ಲಿ ಮುಂಚಿತವಾಗಿ ಕಳುಹಿಸಿದರೆ ಅಲ್ಲಿನ ತಂಡ ಸಿದ್ಧವಾಗಿರಬಹುದು.

ಸಾಗಿಸುವಾಗ ಮಗುವಿಗೆ ಬಾಯಿಯಿಂದ ಏನನ್ನೂ ಕೊಡಬಾರದು. ಜಠರಕ್ಕೆ ನಳಿಕೆ ಹಾಕಿ ತುದಿಯನ್ನು ತೆರೆದಿಟ್ಟರೆ ವಾಂತಿ ಶ್ವಾಸಕೋಶಕ್ಕೆ ಹೋಗುವುದು ತಪ್ಪುತ್ತದೆ. ಮೈ ತಣ್ಣಗಾಗದಂತೆ ತಲೆಗೆ ಟೋಪಿ ಹಾಕಿ ಬೆಚ್ಚಗೆ ಸುತ್ತಬೇಕು. ರಕ್ತನಾಳದ ಮೂಲಕ ದ್ರವ ನೀಡುತ್ತಿರಬೇಕು. ಹೆರಿಗೆಯ ವಿವರ, ಎಕ್ಸ್-ರೇ, ತಾಯಿಯ ಸ್ಕ್ಯಾನಿಂಗ್ ವರದಿಗಳು ಜೊತೆಗಿರಬೇಕು.

ವೆಚ್ಚಕ್ಕೆ ನೆರವು

ಕೇಂದ್ರ ಸರ್ಕಾರ 2011ರಲ್ಲಿ ಜಾರಿಗೆ ತಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅನಾರೋಗ್ಯಪೀಡಿತ ನವಜಾತ ಶಿಶುಗಳಿಗೆ ಪರೀಕ್ಷೆ, ಔಷಧ, ಚಿಕಿತ್ಸೆ, ಸಾಗಾಟ ಉಚಿತ. ರಾಜ್ಯದಲ್ಲಿ 2008ರಿಂದ ಇರುವ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯನ್ನು ಬಳಸಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ದಾಖಲಾದ ದಿನವೇ ವಿಚಾರಿಸುವುದು ಒಳ್ಳೆಯದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹೆಸರಿಸಿರುವ 9 ಜನ್ಮಜಾತ ದೋಷಗಳಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದೋಷಗಳು ಸೇರಿವೆ, ಕರುಳಿನ ತಡೆ ಆ ಒಂಬತ್ತರಲ್ಲಿಲ್ಲ. ಹೀಗಾಗಿ ಹೆರಿಗೆ ಕೊಠಡಿಯ ಸಿಬ್ಬಂದಿ ಮತ್ತು ಮನೆಯವರ ಎಚ್ಚರವೇ ಇಲ್ಲಿ ಮೊದಲ ತಪಾಸಣೆಯಾಗುತ್ತದೆ.

ಮನೆಯವರು ನೆನಪಿಡಬೇಕಾದ ಅಂಶಗಳು

* ಹಸಿರು ವಾಂತಿ ಒಮ್ಮೆಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ವಾಂತಿಯಾದ ಬಟ್ಟೆಯನ್ನು ತೊಳೆಯದೆ ವೈದ್ಯರಿಗೆ ತೋರಿಸಿ.

* ಮಗು ಮೊದಲ ಮಲ ವಿಸರ್ಜಿಸಿದ ವೇಳೆಯನ್ನು ಬರೆದಿಡಿ. 24 ಗಂಟೆ ಕಳೆದರೂ ಆಗದಿದ್ದರೆ ವೈದ್ಯರಿಗೆ ತಿಳಿಸಿ.

* ಹೊಟ್ಟೆ ಉಬ್ಬರಕ್ಕೆಂದು ಹರಳೆಣ್ಣೆ ಕುಡಿಸುವುದು, ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಅಥವಾ ಗ್ರೈಪ್ ವಾಟರ್ ಕೊಡುವುದು ಬೇಡ. ದಾರಿ ಕಟ್ಟಿದ ಕರುಳಿಗೆ ಇವು ಹಾನಿಯನ್ನೇ ಮಾಡುತ್ತವೆ.

* ದೃಷ್ಟಿ ತಾಗಿದೆ ಎಂದು ನಿವಾಳಿಸುತ್ತ ಕೂರುವುದರಲ್ಲಿ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

* ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಗುದದ್ವಾರವನ್ನು ಪರೀಕ್ಷಿಸಲಾಗಿದೆಯೆ ಎಂದು ಕೇಳಿ ತಿಳಿದುಕೊಳ್ಳಿ.

* ಎಕ್ಸ್-ರೇ ಸರಿಯಿದ್ದರೂ ಹಸಿರು ವಾಂತಿ ಮುಂದುವರಿದರೆ ಕಾಂಟ್ರಾಸ್ಟ್ ಪರೀಕ್ಷೆ ಅಥವಾ ಡಾಪ್ಲರ್ ಅಗತ್ಯವೆ ಎಂದು ವಿಚಾರಿಸಿ.